ಗಣಕಯಂತ್ರದ ನಕ್ಷೆ: ರಚಿಸುವವರ ಕಾರ್ಯಪದ್ಧತಿ, ಅನುಮೋದಿಸುವವರ ತಿಳಿವಳಿಕೆ
(ಗ್ರಾಮ ಪಂಚಾಯತಿಯ ಮಾನ್ಯ ಸದಸ್ಯರ ಅಧ್ಯಯನಕ್ಕಾಗಿ)



ಸಾಮಾನ್ಯ ಸಭೆಯಲ್ಲಿ ಕಾಮಗಾರಿಯೊಂದು ಚರ್ಚೆಗೆ ಬಂದಾಗ ಅಂದಾಜು ಪಟ್ಟಿಯ ಮೊತ್ತವನ್ನು ನಾವೆಲ್ಲರೂ ಗಮನವಿಟ್ಟು ಓದುತ್ತೇವೆ. ಅದರ ಹಿಂದೆ ಲಗತ್ತಿಸಿದ ನಕ್ಷೆಯನ್ನು ಮಾತ್ರ ಬಹುಪಾಲು ಯಾರೂ ಬಿಡಿಸಿ ನೋಡುವುದಿಲ್ಲ. ಅದು ತಾಂತ್ರಿಕ ವಿಷಯ, ಅಭಿಯಂತರರ ಹೊಣೆ ಎಂಬ ಭಾವನೆ ಬೇರೂರಿದೆ. ತಾಂತ್ರಿಕ ಮಂಜೂರಾತಿಯ ಹೊಣೆ ಅಭಿಯಂತರರದ್ದೇ ಎಂಬುದು ನಿಜ. ಆದರೆ ಮೇಸ್ತ್ರಿಯು ಗುಣಿ ತೋಡುವುದು ಠರಾವನ್ನು ನೋಡಿ ಅಲ್ಲ, ನಕ್ಷೆಯನ್ನು ನೋಡಿ. ಠರಾವು ಸರಿಯಿದ್ದು ನಕ್ಷೆ ತಪ್ಪಿದ್ದರೆ ಊರಿನಲ್ಲಿ ಕಟ್ಟಲ್ಪಡುವುದು ತಪ್ಪೇ.

ಹಿಂದೆ ಟ್ರೇಸಿಂಗ್ ಕಾಗದದ ಮೇಲೆ ಮಸಿಯಿಂದ ಬರೆದು, ಅಮೋನಿಯಾ ವಾಸನೆಯ ನೀಲಿ ಪ್ರತಿ ತೆಗೆಯುತ್ತಿದ್ದ ಕಾಲದಲ್ಲಿ ನಕ್ಷೆಗಾರನ ಅನುಮಾನಗಳು ಹಾಳೆಯ ಮೇಲೆಯೇ ಕಾಣುತ್ತಿದ್ದವು: ಬ್ಲೇಡಿನಿಂದ ಕೆರೆದ ಗುರುತು, ಎರಡು ಬಾರಿ ಎಳೆದ ಗೆರೆ, ಅಂಚಿನಲ್ಲಿ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ. 1982ರ ಡಿಸೆಂಬರಿನಲ್ಲಿ ಅಮೆರಿಕದ ಆಟೋಡೆಸ್ಕ್ ಸಂಸ್ಥೆಯು ಆಟೋಕ್ಯಾಡ್ ತಂತ್ರಾಂಶದ ಮೊದಲ ಆವೃತ್ತಿಯನ್ನು ಹೊರತಂದ ಬಳಿಕ ಈ ಕೆಲಸ ಕ್ರಮೇಣ ಗಣಕಯಂತ್ರಕ್ಕೆ ವರ್ಗವಾಯಿತು. ವೇಗ ಹೆಚ್ಚಿತು, ನಕಲು ಸುಲಭವಾಯಿತು. ಅದರೊಡನೆ ಒಂದು ತೊಡಕೂ ಬಂದಿತು. ಗಣಕಯಂತ್ರದ ನಕ್ಷೆ ತಪ್ಪಿದ್ದಾಗಲೂ ಸರಿಯಾದುದರಷ್ಟೇ ಅಚ್ಚುಕಟ್ಟಾಗಿ ಕಾಣುತ್ತದೆ. ಅದನ್ನು ಎದುರಿಸಲು ಇರುವ ಉಪಾಯವೆಂದರೆ ನಕ್ಷೆ ರಚಿಸುವವರು ಕೆಲವು ಪದ್ಧತಿಗಳನ್ನು ಬಿಡದೆ ಪಾಲಿಸುವುದು ಮತ್ತು ನಕ್ಷೆ ನೋಡುವವರು ಅವು ಪಾಲನೆಯಾಗಿವೆಯೇ ಎಂದು ಕೇಳುವುದು.

ಒಂದು ಚರಂಡಿಯ ವೃತ್ತಾಂತ

ನಾನು ಸಿವಿಲ್ ಇಂಜಿನಿಯರಿಂಗ್ ಪದವೀಧರ. ಆದ್ದರಿಂದ ಈ ಪ್ರಸಂಗವನ್ನು ಹೇಳಲು ಇತರರಿಗಿಂತ ನನಗೇ ಹೆಚ್ಚು ಸಂಕೋಚವಾಗಬೇಕು. ಸೇವೆಯ ಆರಂಭದ ವರ್ಷಗಳಲ್ಲಿ ನಾನಿದ್ದ ಪಂಚಾಯತಿಯೊಂದರಲ್ಲಿ 140 ಮೀಟರ್ ಉದ್ದದ ಕಾಂಕ್ರೀಟ್ ಚರಂಡಿಯ ಪ್ರಸ್ತಾವ ಬಂದಿತು. ಅಂಗನವಾಡಿಯ ಮೂಲೆಯಿಂದ ಹೊರಟು ದೇವಸ್ಥಾನದ ಬಳಿಯ ದೊಡ್ಡ ಚರಂಡಿಗೆ ಅದು ಸೇರಬೇಕಿತ್ತು. ನಕ್ಷೆಯಲ್ಲಿ 200ಕ್ಕೆ 1ರಂತೆ ಇಳಿಜಾರು ತೋರಿಸಲಾಗಿತ್ತು, ಅಂದರೆ 140 ಮೀಟರಿಗೆ 70 ಸೆಂಟಿಮೀಟರ್ ಇಳಿತ. ಮಟ್ಟಗಳು, ಬಾಣದ ಗುರುತು, ಅಡ್ಡಕೊಯ್ತದ ಚಿತ್ರ ಎಲ್ಲವೂ ಇದ್ದವು.

ಆ ಓಣಿಯ ಸದಸ್ಯೆಯೊಬ್ಬರು ಸಭೆಯಲ್ಲಿ ಹಾಳೆಯನ್ನು ತಿರುಗಿಸಿ ನೋಡಿ, 'ಈ ಬಾಣ ಗುಡಿ ಕಡೆ ತೋರಿಸ್ತದಲ್ಲ ಸಾರ್, ಮಳೆ ಬಂದರೆ ನೀರು ಗುಡಿಯಿಂದ ನಮ್ಮ ಕಡೆಗೇ ಬರ್ತದೆ' ಎಂದರು. 'ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಯೇ ಬಂದಿರುತ್ತದೆ, ಅಮ್ಮಾ' ಎಂದು ಉತ್ತರಿಸಿದವನು ನಾನು. ಅವರು ಸುಮ್ಮನಾದರು. ಠರಾವು ಅಂಗೀಕಾರವಾಯಿತು.

ಆ ನಕ್ಷೆಯನ್ನು ಹೊರಗುತ್ತಿಗೆಯ ಆಪರೇಟರ್ ಒಬ್ಬರು ಬೇರೊಂದು ಊರಿನ ಚರಂಡಿಯ ಕಡತವನ್ನು ತೆರೆದು, ಶೀರ್ಷಿಕೆಯನ್ನೂ ಉದ್ದವನ್ನೂ ಬದಲಿಸಿ ಸಿದ್ಧಪಡಿಸಿದ್ದರು. ಮಟ್ಟಗಳು ಆ ಊರಿನವು. ನಮ್ಮ ಊರಿನಲ್ಲಿ ದೇವಸ್ಥಾನದ ಕಡೆಯ ನೆಲ ಅಂಗನವಾಡಿಯ ಕಡೆಗಿಂತ ಸುಮಾರು 20 ಸೆಂಟಿಮೀಟರ್ ಎತ್ತರದಲ್ಲಿತ್ತು. ಗುತ್ತಿಗೆದಾರರು ನೆಲದಿಂದ ಸಮನಾದ ಆಳಕ್ಕೆ ತೋಡಿ ಕಾಂಕ್ರೀಟ್ ಹಾಕಿದರು. ಹೀಗಾಗಿ ಚರಂಡಿಯ ತಳವೂ ನೆಲದಂತೆಯೇ ಅಂಗನವಾಡಿಯ ಕಡೆಗೆ ವಾಲಿತು. ಮೊದಲ ಮುಂಗಾರಿಗೆ ಮಕ್ಕಳು ಕೂರುವ ಕೋಣೆಯ ಹೊಸ್ತಿಲಿನವರೆಗೆ ಕೊಳಚೆ ನೀರು ನಿಂತಿತು. ಬಳಿಕ ಹೊಸದಾಗಿ ಮಟ್ಟ ತೆಗೆಸಿ, ಅಂಗನವಾಡಿಯ ಹಿಂಭಾಗದಿಂದ ಹಳ್ಳಕ್ಕೆ 35 ಮೀಟರಿನ ಮತ್ತೊಂದು ಚರಂಡಿಯನ್ನು ಪಂಚಾಯತಿಯ ಸ್ವಂತ ಸಂಪನ್ಮೂಲದಿಂದ, ಅಂದರೆ ಅದೇ ಜನರು ಕಟ್ಟಿದ ಮನೆ ಕಂದಾಯದಿಂದ, ಮಾಡಿಸಬೇಕಾಯಿತು. ಮುಂದಿನ ಮಾತುಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕೆಂದು ಕೋರುತ್ತೇನೆ.

ಹಳೆಯ ಕಡತದ ನಕಲು

ಹಳೆಯ ನಕ್ಷೆಯಿಂದ ಹೊಸದನ್ನು ತಯಾರಿಸುವುದು ಸ್ವತಃ ತಪ್ಪಲ್ಲ. ಅಂಗನವಾಡಿ, ಶೌಚಾಲಯ, ದನದ ಕೊಟ್ಟಿಗೆಗಳಿಗೆ ಮಾದರಿ ವಿನ್ಯಾಸಗಳಿರುವುದೇ ಮರುಬಳಕೆಗಾಗಿ. ಗೋಡೆಯ ದಪ್ಪ, ಕಿಟಕಿಯ ವಿವರ, ಚರಂಡಿಯ ಅಡ್ಡಕೊಯ್ತಗಳನ್ನು ಎರವಲು ಪಡೆಯಬಹುದು. ನೆಲಕ್ಕೆ ಸೇರಿದ್ದನ್ನು ಎಂದಿಗೂ ಎರವಲು ಪಡೆಯಲಾಗದು. ಉತ್ತರ ದಿಕ್ಕು, ನೆಲದ ಮಟ್ಟಗಳು, ಗಡಿಗಳು, ಮಣ್ಣಿನ ಸ್ವರೂಪ, ಅಕ್ಕಪಕ್ಕದ ಕಟ್ಟಡಗಳು ಆಯಾ ಸ್ಥಳದಲ್ಲಿಯೇ ಅಳೆದು ಬರಬೇಕು. ಉತ್ತಮ ನಕ್ಷೆಗಾರರು ಇದಕ್ಕಾಗಿ ಖಾಲಿ ಮಾದರಿ ಕಡತವೊಂದನ್ನು ಇಟ್ಟುಕೊಂಡಿರುತ್ತಾರೆ. ಅದರಲ್ಲಿ ಚೌಕಟ್ಟು, ಅಕ್ಷರ ಶೈಲಿ, ಪದರಗಳ ಹೆಸರು ಇರುತ್ತವೆಯೇ ಹೊರತು ಯಾವ ಊರಿನ ಒಂದು ಗೆರೆಯೂ ಇರುವುದಿಲ್ಲ. ಹಳೆಯ ಕಾಮಗಾರಿಯ ಕಡತದಿಂದಲ್ಲದೆ ಖಾಲಿ ಮಾದರಿಯಿಂದ ಆರಂಭಿಸುವ ಈ ಒಂದು ರೂಢಿ ನಮ್ಮ ಆಪರೇಟರಿಗೆ ಇದ್ದಿದ್ದರೆ ಮೇಲಿನ ವೃತ್ತಾಂತ ಘಟಿಸುತ್ತಲೇ ಇರಲಿಲ್ಲ.

ಮಟ್ಟಗಳನ್ನು ತೋರಿಸುವ ನಕ್ಷೆಯಲ್ಲಿ ಆಧಾರ ಬಿಂದು ಎಲ್ಲಿದೆ ಎಂಬುದನ್ನು ಬರೆದಿರಬೇಕು. ಶಾಲೆಯ ಮೆಟ್ಟಿಲು, ಸೇತುವೆಯ ಕಟ್ಟೆ, ನೀರಿನ ತೊಟ್ಟಿಯ ಪೀಠ, ಹೀಗೆ ಅಲುಗಾಡದ ಯಾವುದಾದರೊಂದು ಜಾಗಕ್ಕೆ 100.00 ಎಂಬ ಮಟ್ಟವನ್ನು ಕಲ್ಪಿಸಿಕೊಂಡು ಉಳಿದವುಗಳನ್ನು ಅದಕ್ಕೆ ಹೋಲಿಸಿ ಬರೆಯುವುದು ವಾಡಿಕೆ. ಆಧಾರ ಬಿಂದುವಿನ ಹೆಸರಿಲ್ಲದೆ 99.30 ಎಂದು ಬರೆದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಆ ಬಿಂದು ನಿಮ್ಮ ಊರಿನಲ್ಲಿ ಇದೆಯೇ ಎಂದು ಹೋಗಿ ನೋಡಲು ಯಾವ ಪದವಿಯೂ ಬೇಡ.

ನಿಜ ಅಳತೆ ಮತ್ತು ಹಾಳೆಯ ಅಳತೆ

ಗಣಕಯಂತ್ರದಲ್ಲಿ ನಕ್ಷೆ ಬರೆಯುವಾಗ ಅಳತೆಯನ್ನು ಕುಗ್ಗಿಸಬಾರದು. 6 ಮೀಟರಿನ ಗೋಡೆಯನ್ನು 6 ಮೀಟರ್ ಎಂದೇ ಎಳೆಯಬೇಕು. ಪರದೆಗೆ ಗಾತ್ರದ ಮಿತಿಯಿಲ್ಲ. 100ಕ್ಕೆ 1, 50ಕ್ಕೆ 1 ಎಂಬ ಪ್ರಮಾಣ ಬರುವುದು ಮುದ್ರಣಕ್ಕೆ ಹಾಳೆಯನ್ನು ಸಿದ್ಧಪಡಿಸುವಾಗ ಮಾತ್ರ. ಹೀಗೆ ಮಾಡಿದರೆ ಎರಡು ಬಿಂದುಗಳ ನಡುವಿನ ದೂರವನ್ನು ತಂತ್ರಾಂಶವೇ ಅಳೆದು ಬರೆಯುತ್ತದೆ, ಗೆರೆ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಅವಸರದಲ್ಲಿರುವ ಆಪರೇಟರುಗಳು ಗೆರೆಯನ್ನು ಸರಿಪಡಿಸದೆ ಅದರ ಮೇಲಿನ ಅಂಕಿಯನ್ನು ಮಾತ್ರ ಅಳಿಸಿ ಬೇರೆ ಅಂಕಿಯನ್ನು ಕೈಯಾರೆ ಟೈಪ್ ಮಾಡುವುದುಂಟು. ಆಗ ಗೆರೆ ಹೇಳುವುದೊಂದು, ಅಂಕಿ ಹೇಳುವುದೊಂದು. ಪ್ರಮಾಣದ ಮೊತ್ತವನ್ನು ಅಂದಾಜು ಪಟ್ಟಿಗೆ ಎಳೆದುಕೊಳ್ಳುವಾಗ ಅಭಿಯಂತರರು ಗೆರೆಯನ್ನು ಅಳೆದರೆ ಒಂದು ಮೊತ್ತ, ಮೇಸ್ತ್ರಿ ಅಂಕಿಯನ್ನು ಓದಿದರೆ ಇನ್ನೊಂದು ಕಟ್ಟಡ. ಇದನ್ನು ಹಿಡಿಯುವ ಉಪಾಯ ಕೂಡುವ ಲೆಕ್ಕವಷ್ಟೇ. ಕೋಣೆಯ ಒಳ ಅಗಲ 6.00 ಮೀಟರ್, ಎರಡು ಬದಿಯ ಗೋಡೆಗಳು ತಲಾ 0.23 ಮೀಟರ್ ಇದ್ದರೆ ಹೊರ ಅಗಲ 6.46 ಮೀಟರ್ ಆಗಬೇಕು. ನಕ್ಷೆಯಲ್ಲಿ 6.30 ಎಂದಿದ್ದರೆ ಯಾರೋ ಎಲ್ಲಿಯೋ ಅಂಕಿಯನ್ನು ಟೈಪ್ ಮಾಡಿದ್ದಾರೆಂದು ತಿಳಿಯಬಹುದು. ನಾನು ಈಗ ಯಾವುದೇ ನಕ್ಷೆ ಕೈಗೆ ಬಂದರೂ ಮೊದಲು ಮಾಡುವುದು ಇಂತಹ ಒಂದು ಕೂಡಿಕೆಯನ್ನು.

ಮುದ್ರಣದಲ್ಲಿ ಮತ್ತೊಂದು ಅಪಾಯವಿದೆ. ಎ3 ಹಾಳೆಯ ಅಳತೆ 297 ಮತ್ತು 420 ಮಿಲಿಮೀಟರ್, ಎ4 ಹಾಳೆಯದು 210 ಮತ್ತು 297 ಮಿಲಿಮೀಟರ್. ಎ3 ಹಾಳೆಗೆಂದು 100ಕ್ಕೆ 1ರ ಪ್ರಮಾಣದಲ್ಲಿ ಸಿದ್ಧಪಡಿಸಿದ ನಕ್ಷೆಯನ್ನು ಪಂಚಾಯತಿ ಕಛೇರಿಯ ಸಾಮಾನ್ಯ ಮುದ್ರಣ ಯಂತ್ರದಲ್ಲಿ ಎ4 ಹಾಳೆಗೆ ಹೊಂದಿಸಿ ತೆಗೆದರೆ ಪ್ರಮಾಣವು ಸುಮಾರು 141ಕ್ಕೆ 1 ಆಗುತ್ತದೆ. ಹಾಳೆಯ ಮೂಲೆಯಲ್ಲಿ ಮಾತ್ರ 100ಕ್ಕೆ 1 ಎಂದೇ ಉಳಿದಿರುತ್ತದೆ. ಅದನ್ನು ನಂಬಿ ಪಟ್ಟಿಯಿಟ್ಟು ಅಳೆದವರಿಗೆ 10 ಮೀಟರಿನ ರಸ್ತೆ 7 ಮೀಟರ್ ಎನಿಸುತ್ತದೆ. ಆದ್ದರಿಂದ ಪ್ರತಿ ನಕ್ಷೆಯಲ್ಲಿಯೂ ಅಳತೆಯ ಪಟ್ಟಿಯ ಚಿತ್ರವೊಂದು, ಅಂದರೆ 0, 5, 10 ಮೀಟರ್ ಎಂದು ಗುರುತಿಸಿದ ಗೆರೆ ಇರಬೇಕು. ಹಾಳೆ ಕುಗ್ಗಿದರೆ ಗೆರೆಯೂ ಅಷ್ಟೇ ಕುಗ್ಗುತ್ತದೆ, ಸುಳ್ಳು ಹೇಳುವುದಿಲ್ಲ.

ಮಾನಗಳ ವಿಷಯದಲ್ಲಿ ನಮ್ಮ ಹಳ್ಳಿಗಳ ಪರಿಸ್ಥಿತಿ ವಿಶಿಷ್ಟವಾದುದು. ನಿವೇಶನ ಅಡಿಯಲ್ಲಿ, ಜಮೀನು ಎಕರೆ-ಗುಂಟೆಯಲ್ಲಿ, ಅಂದಾಜು ಪಟ್ಟಿ ಮೀಟರಿನಲ್ಲಿ, ಕಟ್ಟಡದ ನಕ್ಷೆ ಮಿಲಿಮೀಟರಿನಲ್ಲಿ. 33 ಅಡಿ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ ಅಥವಾ 101.17 ಚದರ ಮೀಟರ್. 30ಕ್ಕೆ 40 ಅಡಿಯ ನಿವೇಶನವು 9.144ಕ್ಕೆ 12.192 ಮೀಟರ್ ಆಗುತ್ತದೆ, ವಿಸ್ತೀರ್ಣ 111.48 ಚದರ ಮೀಟರ್. ಸುಲಭಕ್ಕೆಂದು 9ಕ್ಕೆ 12 ಮೀಟರ್ ಎಂದು ಬರೆದರೆ 108 ಚದರ ಮೀಟರ್ ಉಳಿದು, ಸುಮಾರು 37 ಚದರ ಅಡಿ ಕಾಗದದ ಮೇಲೆಯೇ ಕಾಣೆಯಾಗುತ್ತದೆ. ಇ-ಸ್ವತ್ತಿನ ನಮೂನೆ 9 ಮತ್ತು 11ರಲ್ಲಿ ಇಂತಹ ಅಂಕಿ ಸೇರಿದರೆ ಅಣ್ಣತಮ್ಮಂದಿರ ನಡುವೆ, ನೆರೆಹೊರೆಯವರ ನಡುವೆ ಅದು ಎಷ್ಟು ದೊಡ್ಡ ಸಂಗತಿಯಾಗುತ್ತದೆ ಎಂಬುದನ್ನು ಸದಸ್ಯರಿಗೆ ನಾನು ವಿವರಿಸಬೇಕಿಲ್ಲ. ನಕ್ಷೆಯ ಕಡತ ತೆರೆದ ಕೂಡಲೇ ಮಾನವನ್ನು ನಿಗದಿಪಡಿಸಬೇಕು, ಅದನ್ನು ಹಾಳೆಯ ಮೇಲೆ ಬರೆಯಬೇಕು, ಒಂದೇ ಹಾಳೆಯಲ್ಲಿ ಎರಡು ಮಾನಗಳನ್ನು ಬೆರೆಸಬಾರದು.

ಪದರಗಳು

ನಕ್ಷೆ ರಚನೆಯ ತಂತ್ರಾಂಶಗಳಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಕಲ್ಪನೆ ಪದರಗಳದ್ದು. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಇದನ್ನು ಭಾವಿಸಿಕೊಳ್ಳಬಹುದು. ಒಂದು ಹಾಳೆಯಲ್ಲಿ ಮನೆಗಳು, ಇನ್ನೊಂದರಲ್ಲಿ ರಸ್ತೆ, ಮತ್ತೊಂದರಲ್ಲಿ ಕುಡಿಯುವ ನೀರಿನ ಕೊಳವೆ, ಮುಂದಿನದರಲ್ಲಿ ಚರಂಡಿ, ವಿದ್ಯುತ್ ಕಂಬ. ಬೇಕಾದುದನ್ನು ತೋರಿಸಿ ಬೇಡವಾದುದನ್ನು ಮರೆಮಾಡಬಹುದು. ಎಲ್ಲವನ್ನೂ ಒಂದೇ ಪದರದಲ್ಲಿ, ಅದರಲ್ಲಿಯೂ ತಂತ್ರಾಂಶವು ತಾನಾಗಿ ಕೊಡುವ ಸೊನ್ನೆಯ ಪದರದಲ್ಲಿ, ಎಳೆದುಬಿಡುವುದು ಸೋಮಾರಿತನದ ಮೊದಲ ಲಕ್ಷಣ. ಪದರಗಳ ಹೆಸರೂ ಅರ್ಥವಾಗುವಂತಿರಬೇಕು. 'ಹಾಲಿ-ಕೊಳವೆ', 'ಹಾಲಿ-ರಸ್ತೆ', 'ಉದ್ದೇಶಿತ-ಚರಂಡಿ' ಎಂದಿದ್ದರೆ ಐದು ವರ್ಷಗಳ ನಂತರ ಬರುವ ಹೊಸಬರಿಗೂ ತಿಳಿಯುತ್ತದೆ.

ಹಾಲಿ ಇರುವುದು ಮತ್ತು ಉದ್ದೇಶಿತವಾದುದು ಎಂಬ ಭೇದವನ್ನು ವಿಶೇಷವಾಗಿ ಒತ್ತಿ ಹೇಳುತ್ತಿದ್ದೇನೆ. ಜಲ ಜೀವನ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾದ ಮೇಲೆ ಹಳ್ಳಿಹಳ್ಳಿಗಳ ಓಣಿಗಳಲ್ಲಿ ಕೊಳವೆಗಳು ಬಂದವು. ಆ ಕೊಳವೆ ನೆಲದೊಳಗೆ ಎಲ್ಲಿ, ರಸ್ತೆಯ ಯಾವ ಬದಿಯಲ್ಲಿ, ಎಷ್ಟು ಆಳದಲ್ಲಿ ಇದೆ ಎಂಬ ನಕ್ಷೆಯು ಪಂಚಾಯತಿಯ ಕಪಾಟಿನಲ್ಲಿ ಇದೆಯೇ? ಇಲ್ಲದಿದ್ದರೆ ಮುಂದಿನ ಚರಂಡಿಗೆ ಗುಣಿ ತೋಡುವ ಯಂತ್ರದ ಹಲ್ಲಿಗೆ ಕೊಳವೆ ಸಿಕ್ಕಿ, ಮೂರು ದಿನ ನೀರಿಲ್ಲದೆ, ಮಹಿಳೆಯರು ಕೊಡ ಹಿಡಿದು ಕಛೇರಿಗೆ ಬರುವುದು ಖಂಡಿತ. ಹೊಸ ಕಾಂಕ್ರೀಟ್ ರಸ್ತೆಯನ್ನು ಆರು ತಿಂಗಳಿಗೆ ಅಗೆಯುವ ದೃಶ್ಯಕ್ಕೂ ಬಹುಪಾಲು ಇದೇ ಕಾರಣ.

ಇದಕ್ಕೆ ಪರಿಹಾರವಾಗಿ ಪ್ರತಿ ಗ್ರಾಮಕ್ಕೂ ಒಂದೇ ಮೂಲ ನಕ್ಷೆಯನ್ನು ಪಂಚಾಯತಿಯು ಇಟ್ಟುಕೊಳ್ಳಬೇಕು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಡಿ ಡ್ರೋನ್ ಸಮೀಕ್ಷೆಯಾಗಿ ನಕ್ಷೆ ದೊರೆತಿರುವ ಗ್ರಾಮಗಳಿಗೆ ಅದೇ ಒಳ್ಳೆಯ ತಳಹದಿ. ಪ್ರತಿ ಕಾಮಗಾರಿ ಮುಗಿದ ಮೇಲೆ, ಉದ್ದೇಶಿಸಿದಂತೆ ಅಲ್ಲ, ವಾಸ್ತವವಾಗಿ ಕಟ್ಟಿದಂತೆ ಅದನ್ನು ಆಯಾ ಪದರದಲ್ಲಿ ಸೇರಿಸಬೇಕು. ಗುಣಿ ಮುಚ್ಚುವ ಮುನ್ನ ಕೊಳವೆಯ ಆಳವನ್ನು, ಹತ್ತಿರದ ಎರಡು ಸ್ಥಿರ ಗುರುತುಗಳಿಂದ ಅದರ ದೂರವನ್ನು ಅಳೆದು ಬರೆದುಕೊಂಡರೆ ಸಾಕು, ನಕ್ಷೆಗೆ ಏರಿಸುವುದು ಅರ್ಧ ಗಂಟೆಯ ಕೆಲಸ. ಗುಣಿ ಮುಚ್ಚಿದ ಮೇಲೆ ಅದೇ ಮಾಹಿತಿಗೆ ಮತ್ತೆ ಅಗೆಯಬೇಕಾಗುತ್ತದೆ. ನಾನಿರುವ ಪಂಚಾಯತಿಯಲ್ಲಿ ಈ ಕೆಲಸ ಒಂದು ಗ್ರಾಮಕ್ಕೆ ಮಾತ್ರ ಪೂರ್ಣಗೊಂಡಿದೆ, ಉಳಿದವು ಅರೆಬರೆಯಾಗಿವೆ. ಆದರೂ ಆ ಒಂದು ಗ್ರಾಮದಲ್ಲಿ ವಾಲ್ವ್ ಎಲ್ಲಿದೆ ಎಂದು ಕೇಳಲು ನಿವೃತ್ತ ನೀರುಗಂಟಿಯವರ ಮನೆಗೆ ಹೋಗುವುದು ತಪ್ಪಿದೆ.

ಕಡತದ ಹೆಸರು, ಪರಿಷ್ಕರಣೆ, ಒಡೆತನ

ಯಾವುದೇ ನಕ್ಷೆಗಾರರ ಗಣಕಯಂತ್ರವನ್ನು ತೆರೆದರೂ 'ಫೈನಲ್', 'ಫೈನಲ್ ಹೊಸದು', 'ಫೈನಲ್ 2', 'ಇದೇ ಫೈನಲ್' ಎಂಬ ಕಡತಗಳು ಸಾಲಾಗಿ ಕಾಣುತ್ತವೆ. ನಗು ಬರುತ್ತದೆ, ಆದರೆ ಮಂಜೂರಾತಿ ಪಡೆದದ್ದು ಇವುಗಳಲ್ಲಿ ಯಾವುದು ಎಂದು ಲೆಕ್ಕಪರಿಶೋಧಕರು ಕೇಳಿದಾಗ ಅದು ಉಳಿಯುವುದಿಲ್ಲ. ಗ್ರಾಮ, ಕಾಮಗಾರಿ, ವರ್ಷ-ತಿಂಗಳು-ದಿನ, ಪರಿಷ್ಕರಣೆಯ ಸಂಖ್ಯೆ ಎಂಬ ಕ್ರಮದಲ್ಲಿ ಹೆಸರಿಟ್ಟರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಹಾಳೆಯ ಮೂಲೆಯಲ್ಲಿಯೂ ಪರಿಷ್ಕರಣೆಯ ಚಿಕ್ಕ ಕೋಷ್ಟಕವಿರಬೇಕು: ಯಾವ ದಿನಾಂಕ, ಏನು ಬದಲಾವಣೆ, ಯಾರು ಮಾಡಿದರು, ಯಾರು ಪರಿಶೀಲಿಸಿದರು. ಬರೆದವರೇ ಪರಿಶೀಲಿಸಿದವರೂ ಆಗಿದ್ದರೆ ಆ ಕಲಂ ಖಾಲಿ ಎಂದೇ ಭಾವಿಸಬೇಕು.

ವಿದ್ಯುತ್ ಯಾವಾಗ ಹೋಗುವುದೋ ತಿಳಿಯದ ನಮ್ಮ ಊರುಗಳಲ್ಲಿ ಕಡತವನ್ನು ಆಗಾಗ ಉಳಿಸುವ ಅಭ್ಯಾಸ ಅತ್ಯಗತ್ಯ. ತಂತ್ರಾಂಶವು ತಾನಾಗಿ ಉಳಿಸುವ ವ್ಯವಸ್ಥೆಯಿದೆ ಎಂದು ನೆಮ್ಮದಿಯಿಂದಿರಲಾಗದು. ಆಟೋಕ್ಯಾಡಿನಲ್ಲಿ ಹಾಗೆ ಉಳಿಸಿದ ಪ್ರತಿ ತಾತ್ಕಾಲಿಕವಾದುದು, ಕಡತವನ್ನು ಕ್ರಮವಾಗಿ ಮುಚ್ಚಿದೊಡನೆ ಅಳಿಸಿಹೋಗುತ್ತದೆ. ಪ್ರತಿ ಸಂಜೆ ಒಂದು ಪ್ರತಿ ಬೇರೆ ಸಾಧನದಲ್ಲಿ, ವಾರಕ್ಕೊಮ್ಮೆ ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಇರಲಿ. ಪರವಾನಗಿಯಿಲ್ಲದ ಕಳ್ಳಪ್ರತಿ ತಂತ್ರಾಂಶವನ್ನು ಸರ್ಕಾರಿ ಗಣಕಯಂತ್ರದಲ್ಲಿ ಹಾಕಿಸಿಕೊಳ್ಳಬಾರದೆಂಬುದನ್ನು ಬೇರೆ ಹೇಳಬೇಕಿಲ್ಲ. ಸಣ್ಣ ನಕ್ಷೆಗಳಿಗೆ ಲಿಬ್ರೆಕ್ಯಾಡ್, ಗ್ರಾಮದ ಭೂಪಟಕ್ಕೆ ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶಗಳು ಶುಲ್ಕವಿಲ್ಲದೆ ದೊರೆಯುತ್ತವೆ.

ತಂತ್ರಾಂಶದ ಆವೃತ್ತಿಯೂ ಗಮನಾರ್ಹ. ಹೊಸ ಆವೃತ್ತಿಯ ಸ್ವರೂಪದಲ್ಲಿ ಉಳಿಸಿದ ಕಡತವನ್ನು ಹಳೆಯ ಆವೃತ್ತಿಯು ತೆರೆಯಲಾರದು. ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಏರ್‌ಬಸ್ ಎ380 ವಿಮಾನದ ಭಾಗಗಳನ್ನು ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳ ತಂಡಗಳು ಕ್ಯಾಟಿಯಾ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳಲ್ಲಿ ವಿನ್ಯಾಸಗೊಳಿಸಿದ್ದವು. ಹ್ಯಾಂಬರ್ಗ್‌ನಿಂದ ಬಂದ ತಂತಿಗಳ ಜಾಲವು ಟುಲೂಸ್‌ನಲ್ಲಿ ಜೋಡಿಸುವಾಗ ಸರಿಹೊಂದಲಿಲ್ಲ. 2006ರಲ್ಲಿ ಆ ವಿಮಾನದ ವಿತರಣೆ ಬಹಳವಾಗಿ ಮುಂದಕ್ಕೆ ಹೋದುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ನಮ್ಮ ಮಟ್ಟದಲ್ಲಿ ಮಾಡಬಹುದಾದುದು ಇಷ್ಟು: ಎಲ್ಲರೂ ತೆರೆಯಬಲ್ಲ ಹಳೆಯ ಸ್ವರೂಪದಲ್ಲಿ ಒಂದು ಪ್ರತಿ, ಜೊತೆಗೆ ಪಿಡಿಎಫ್ ಪ್ರತಿ.

ಒಡೆತನದ ಮಾತನ್ನು ಒಪ್ಪಂದದಲ್ಲಿಯೇ ಬರೆಯಿಸುವುದು ಒಳಿತು. ಹೊರಗಿನವರಿಗೆ ಹಣ ಕೊಟ್ಟು ನಕ್ಷೆ ಮಾಡಿಸಿದಾಗ ಮುದ್ರಿತ ಹಾಳೆಯನ್ನು ಮಾತ್ರ ಪಡೆದು ಬರುತ್ತೇವೆ. ತಿದ್ದಬಹುದಾದ ಮೂಲ ಕಡತ ಅವರ ಗಣಕಯಂತ್ರದಲ್ಲಿಯೇ ಉಳಿಯುತ್ತದೆ, ಅವರು ಊರು ಬಿಟ್ಟರೆ ಅದೂ ಹೋಗುತ್ತದೆ. ಬಿಲ್ಲು ಪಾವತಿಗೆ ಮುನ್ನ ಮೂಲ ಕಡತವನ್ನೂ ಅದಕ್ಕೆ ಜೋಡಿಸಿದ ಇತರ ಕಡತಗಳನ್ನೂ ಪಡೆದು, ಪಂಚಾಯತಿಯ ಗಣಕಯಂತ್ರದಲ್ಲಿ ತೆರೆದು ನೋಡಬೇಕು. ಜೋಡಣೆಯ ಕಡತ ಬಾರದಿದ್ದರೆ ನಕ್ಷೆಯ ಅರ್ಧ ಭಾಗ ಖಾಲಿಯಾಗಿ ಕಾಣುತ್ತದೆ.

ಕನ್ನಡ ಅಕ್ಷರಗಳ ಬಗ್ಗೆ ಒಂದು ಸೂಚನೆ. ಹಳೆಯ ವಿಧಾನದ ಅಕ್ಷರಶೈಲಿಯಲ್ಲಿ ಬರೆದ ಕನ್ನಡವು ಆ ಶೈಲಿಯಿಲ್ಲದ ಯಂತ್ರದಲ್ಲಿ ಅರ್ಥಹೀನ ಗುರುತುಗಳಾಗಿ ಮಾರ್ಪಡುತ್ತದೆ. ಯೂನಿಕೋಡ್ ಅಕ್ಷರಗಳಲ್ಲಿಯೇ ಬರೆಯಿಸಿ, ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಪಿಡಿಎಫ್ ಪ್ರತಿಯಲ್ಲಿ ಓದಿ ನೋಡಬೇಕು. ನಕ್ಷೆಯ ಮೇಲೆ ಕನ್ನಡವೇ ಬೇಕೆಂದು ಒತ್ತಾಯಿಸುವ ಅಧಿಕಾರ ಸಭೆಗೆ ಇದೆ, ಗ್ರಾಮಸಭೆಯಲ್ಲಿ ಅದನ್ನು ನೋಡುವವರು ನಮ್ಮ ಜನರಲ್ಲವೇ.

ಸಭೆಯಲ್ಲಿ ಮತ್ತು ಸ್ಥಳದಲ್ಲಿ

ನಕ್ಷೆ ಮುಂದೆ ಬಂದಾಗ ಉತ್ತರ ದಿಕ್ಕನ್ನು ಹುಡುಕಿ, ಹಾಳೆಯನ್ನು ನಿಮ್ಮ ಊರಿನಂತೆ ತಿರುಗಿಸಿ ಇಟ್ಟುಕೊಳ್ಳಿ. ನಿಮಗೆ ತಿಳಿದ ಮನೆಯೊಂದನ್ನು, ಮರವೊಂದನ್ನು, ಕೊಳವೆ ಬಾವಿಯನ್ನು ಅದರಲ್ಲಿ ಗುರುತಿಸಲು ಯತ್ನಿಸಿ. ಒಂದೂ ಸಿಗದಿದ್ದರೆ ಆ ನಕ್ಷೆ ನಿಮ್ಮ ಊರಿನದಾಗಿರಲಿಕ್ಕಿಲ್ಲ. ನೀರು ಹರಿಯುವ ಕಾಮಗಾರಿಯಾದರೆ ಬಾಣದ ದಿಕ್ಕನ್ನೂ ಕಳೆದ ಮಳೆಯಲ್ಲಿ ನೀವು ಕಣ್ಣಾರೆ ಕಂಡದ್ದನ್ನೂ ಹೋಲಿಸಿ. ಮಟ್ಟ ಅಳೆದ ದಿನಾಂಕವನ್ನು ಕೇಳಿ. ಉತ್ತರ ತೃಪ್ತಿಕರವಾಗದಿದ್ದರೆ ಅಭಿಪ್ರಾಯವನ್ನು ನಡಾವಳಿಯಲ್ಲಿ ದಾಖಲಿಸುವಂತೆ ಹೇಳಿ. ಹಾಗೆ ಕೇಳಿದ ಸದಸ್ಯರಿಗೆ ನಾನು ಅಂದು ಕೊಟ್ಟಂತಹ ಉತ್ತರವನ್ನು ಯಾವ ಅಧಿಕಾರಿಯೂ ಕೊಡಬಾರದು.

ಅಭ್ಯಾಸಕ್ಕಾಗಿ ಒಂದು ಕೆಲಸವನ್ನು ಸೂಚಿಸುತ್ತೇನೆ. ನಿಮ್ಮ ವಾರ್ಡಿನಲ್ಲಿ ಕಳೆದ ಸಾಲಿನಲ್ಲಿ ಮುಗಿದ ಕಾಮಗಾರಿಯೊಂದರ ನಕ್ಷೆಯ ಪ್ರತಿಯನ್ನು ಕಛೇರಿಯಿಂದ ಪಡೆದುಕೊಳ್ಳಿ. ಒಂದು ಟೇಪು ಹಿಡಿದು ಮತ್ತೊಬ್ಬ ಸದಸ್ಯರೊಡನೆ ಸ್ಥಳಕ್ಕೆ ಹೋಗಿ ಅಗಲವನ್ನು ಆರಂಭ, ನಡು, ಕೊನೆ ಎಂಬ ಮೂರು ಕಡೆ ಅಳೆಯಿರಿ. ಚರಂಡಿಯಾದರೆ ಒಂದು ಕೊಡ ನೀರನ್ನು ಮೇಲ್ಭಾಗದಲ್ಲಿ ಸುರಿದು ಅದು ಎತ್ತ ಹರಿಯುವುದೆಂದು ನೋಡಿ. ಅಳತೆಗಳನ್ನು ನಕ್ಷೆಯ ಪ್ರತಿಯ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದು, ದಿನಾಂಕ ಹಾಕಿ, ಮುಂದಿನ ಸಾಮಾನ್ಯ ಸಭೆಗೆ ತನ್ನಿ.